ಶನಿವಾರ ನೋಡೋಣ

ಕುಕ್ಕರ್ ಪಕ್ಕದಿಂದ ಹಬೆ ಬಿಡಲು ಶುರು ಮಾಡಿದ್ದು ವಾರದ ನಡುವೆ. ಸೀಟಿ ಇಲ್ಲ, ಬರೀ ಬುಸ್ ಅನ್ನುವ ಸದ್ದು, ಒಲೆ ತುಂಬ ಬೇಳೆಯ ನೊರೆ. "ರೀ, ಗ್ಯಾಸ್ಕೆಟ್ ಹೋಗಿದೆ" ಅಂತ ಅಡುಗೆಮನೆಯಿಂದ ದನಿ ಬಂತು. "ಶನಿವಾರ ನೋಡೋಣ" ಅಂದೆ. ನಮ್ಮ ಮನೆಯಲ್ಲಿ ಈ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಸೋರುವ ನಲ್ಲಿ, ಅಳುವ ಬಾಗಿಲು, ಒರೆಸಬೇಕಾದ ಫ್ಯಾನ್, ಬ್ಯಾಂಕಿನವರು ಮತ್ತೆ ಕೇಳಿದ ಅದೇ ಕಾಗದ, ಅಟ್ಟದ ಮೇಲಿಂದ ಇಳಿಸಬೇಕಾದ ದೀಪದ ಕಂಬ, ಎಲ್ಲವೂ ಶನಿವಾರದ ಖಾತೆಗೆ. ಸೋಮವಾರದಿಂದ ಶುಕ್ರವಾರದವರೆಗೆ ನಾವು ತುಂಬ ನಿರಾಳವಾಗಿ ಬದುಕುತ್ತೇವೆ. ಏನೇ ಆದರೂ ಶನಿವಾರ ಇದೆಯಲ್ಲ.

ಅದರಲ್ಲೂ ದಸರೆಯಿಂದ ಕಾರ್ತಿಕದ ಕೊನೆಯವರೆಗಿನ ಶನಿವಾರ, ಭಾನುವಾರಗಳಿದ್ದಾವಲ್ಲ, ಅವು ಎಲ್ಲಿ ಹೋಗುತ್ತವೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಿದ್ಧಾಂತವೇ ಇದೆ. ಅದನ್ನು ಹೇಳೋಣ ಅಂತಲೇ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಬೆಂಗಳೂರಿನ ಹವೆಯ ಬಗ್ಗೆ ಎರಡು ಮಾತು. ಕವಿಗಳ ಶರದೃತುವಿನಲ್ಲಿ ತಿಳಿಯಾದ ಆಕಾಶ, ಬೆಳ್ಳನೆಯ ಮೋಡ, ಹುಣ್ಣಿಮೆ. ನಮ್ಮ ಶರದೃತುವಿನಲ್ಲಿ ಒಣಗದ ಟವೆಲು. ಈ ಊರಿಗೆ ವರ್ಷದಲ್ಲಿ ಅತಿ ಜಾಸ್ತಿ ಮಳೆ ಬೀಳುವ ತಿಂಗಳುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮುಂದಿನ ಸಾಲಿನವು. ಬೆಳಗ್ಗೆ ಹತ್ತಕ್ಕೆ ಬಿಸಿಲು ಎಷ್ಟು ಚೆನ್ನಾಗಿರುತ್ತದೆ ಅಂದರೆ ದುಪ್ಪಡಿ, ಜಮಖಾನ, ಪರದೆ ಎಲ್ಲ ಒಗೆದು ಮಹಡಿಗೆ ಹಾಕಿಬಿಡುತ್ತೀರಿ. ಮೂರೂವರೆಗೆ ಕಪ್ಪು ಮೋಡ. ಹಿಂಗಾರು ಅನ್ನುವುದು ನನ್ನ ಪ್ರಕಾರ ಮಳೆಗಾಲವೇ ಅಲ್ಲ, ಅದು ಗೃಹಸ್ಥರ ಮೇಲಿನ ಹಳೆಯ ದ್ವೇಷ.

ಇರಲಿ, ಗ್ಯಾಸ್ಕೆಟ್. ಶನಿವಾರ ಬೆಳಗ್ಗೆ ಕುಕ್ಕರಿನ ಮುಚ್ಚಳವನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಗಾಂಧಿ ಬಜಾರಿಗೆ ಹೊರಟೆವು. ಮುಚ್ಚಳ ಯಾಕೆ ಅಂದರೆ, ಐದು ಲೀಟರಿನದು ಮೂರು ಲೀಟರಿಗೆ ಕೂರುವುದಿಲ್ಲ, ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಯವನು ಅಲ್ಲೇ ಹಾಕಿ ನೋಡಿ ಕೊಟ್ಟರೇ ವಾಸಿ. ಆದರೆ ಪಾತ್ರೆ ಅಂಗಡಿ ಬಾಗಿಲು ತೆಗೆಯುವುದು ಹತ್ತೂವರೆಗೆ. ಅಲ್ಲಿಯವರೆಗೆ ಏನು ಮಾಡುವುದು? ತಿಂಡಿ.

ಬಸವನಗುಡಿ, ಲಾಲ್‌ಬಾಗಿನ ಸುತ್ತಮುತ್ತ ಬದುಕುವವರಿಗೆ ಏಕಾದಶಿ ಯಾವತ್ತು ಅಂತ ಗೊತ್ತಿಲ್ಲದಿದ್ದರೂ ಎಂಟಿಆರ್‌ಗೆ ಸೋಮವಾರ ರಜ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜ ಅನ್ನುವುದು ಬಾಯಿಪಾಠ. ಒಂದು 1924ರದು, ಇನ್ನೊಂದು 1943ರದು. ಅಂದರೆ ನಮ್ಮಜ್ಜನ ಕಾಲದಲ್ಲೂ ಈ ಊರಲ್ಲಿ ಜನ ದೋಸೆಗೆ ಕಾದಿದ್ದಾರೆ. ಕಾಯುವುದರ ಬಗ್ಗೆ ನನಗೆ ತಕರಾರಿಲ್ಲ. ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರ್ ಒಂದೇ ಕೈಯಲ್ಲಿ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಜುಗಳ ನಡುವೆ ನುಸುಳಿ ಬರುವುದನ್ನು ನೋಡಲಿಕ್ಕೇ ನಾನು ಕಾದೇನು.

ನನ್ನ ತಕರಾರು ಕುರ್ಚಿಯ ಹಿಂದೆ ನಿಲ್ಲುವವರದು. ಅವತ್ತು ಹೋದದ್ದು ಬೇರೆ ಹೋಟೆಲಿಗೆ, ಹೆಸರು ಬೇಡ. ಬಾಗಿಲಲ್ಲಿ ಹೆಸರು ಬರೆಸಿ, ಮುಕ್ಕಾಲು ಗಂಟೆ ಫುಟ್‌ಪಾತಿನಲ್ಲಿ ನಿಂತು, ಕೊನೆಗೂ ಒಳಗೆ ಕೂತು ದೋಸೆಯ ಅಂಚು ಮುರಿದಿದ್ದೇನೆ ಅಷ್ಟೇ, ಹಿಂದೆ ಒಂದು ಸಂಸಾರ ಬಂದು ನಿಂತಿತು. ಅಪ್ಪ, ಅಮ್ಮ, ಎರಡು ಮಕ್ಕಳು, ಒಬ್ಬರು ಅಜ್ಜಿ. ಅವರ ಕಣ್ಣು ನನ್ನ ತಟ್ಟೆಯ ಮೇಲೆ. ಆ ಅಪ್ಪ ನನ್ನ ಪಲ್ಯ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಿರುವುದು ನನ್ನ ಕತ್ತಿಗೆ ಗೊತ್ತಾಗುತ್ತಿತ್ತು. ಎರಡನೆಯ ಸಲ ಚಟ್ನಿ ಕೇಳಿದೆ. ಹಿಂದಿನಿಂದ ಉಸ್ಸಪ್ಪ ಅನ್ನುವ ಸದ್ದು. ಸುಮ್ನೆ ಹೇಳುತ್ತಿಲ್ಲ, ಬೇಕಿಲ್ಲದಿದ್ದರೂ ಒಂದು ಕಾಫಿ ಹೇಳಿದೆ, ಅದನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಆರಿಸಿಕೊಂಡು ಕುಡಿದೆ. ಅಜ್ಜಿಯೊಬ್ಬರು ಇದ್ದರು ಅನ್ನುವುದು ನಿಜ. ಆದರೆ ಅವರನ್ನು ಮುಂದೆ ಬಿಟ್ಟುಕೊಂಡು ನಿಲ್ಲುವುದು ಅವರ ಮಗನ ಲೆಕ್ಕಾಚಾರ. ಇದಕ್ಕಿಂತ ದರ್ಶಿನಿ ವಾಸಿ. ಅಲ್ಲಿ ಎಲ್ಲರೂ ನಿಂತೇ ತಿನ್ನುವುದರಿಂದ ಯಾರ ಹಿಂದೆ ಯಾರೂ ನಿಲ್ಲುವ ಪ್ರಶ್ನೆ ಇಲ್ಲ. ಇನ್ನು ದೋಸೆಯ ಫೋಟೋ ತೆಗೆಯುವವರ ವಿಷಯ ನಾನು ಎತ್ತುವುದಿಲ್ಲ. ದೋಸೆ ಗರಿಯಾಗಿರುವುದು ಅದು ಬಂದ ಮೊದಲ ಎರಡು ನಿಮಿಷ. ಆ ಎರಡು ನಿಮಿಷ ಅದನ್ನು ನಾಲ್ಕು ಕಡೆಯಿಂದ ಫೋಟೋ ತೆಗೆದು, ಆಮೇಲೆ "ಮೆತ್ತಗಿದೆ" ಅಂತ ಮಾಣಿಯನ್ನು ಕರೆಯುವವರ ಹತ್ತಿರ ಏನು ಮಾತಾಡುವುದು?

ಹೊರಡುವಾಗ ಕ್ಯಾಶಿನಲ್ಲಿ ಕೂತವರು ಚೀಲದಿಂದ ಇಣುಕುತ್ತಿದ್ದ ಮುಚ್ಚಳ ನೋಡಿ, "ಪಾರ್ಸೆಲ್ಲಿಗೆ ಮುಚ್ಚಳ ಮಾತ್ರ ತಂದಿದ್ದೀರಲ್ಲ ಸಾರ್" ಅಂದರು. ಗ್ಯಾಸ್ಕೆಟ್ ಸಿಕ್ಕಿತು. ಹಾಕಿಸಿಕೊಂಡು ಬರುವುದು ಎರಡು ನಿಮಿಷದ ಕೆಲಸ. ಮನೆಗೆ ಬಂದಾಗ ಹನ್ನೆರಡೂಕಾಲು.

ಬಾಗಿಲಲ್ಲಿ ಬೂದುಗುಂಬಳಕಾಯಿ ಕಾಯುತ್ತಿತ್ತು.

ಇದರ ಕತೆ ಹೇಳಲೇಬೇಕು. ಆಯುಧ ಪೂಜೆಯ ಹಿಂದಿನ ದಿನ ಬೂದುಗುಂಬಳಕಾಯಿಗೆ ಇರುವ ಮರ್ಯಾದೆ ವರ್ಷದಲ್ಲಿ ಇನ್ನು ಯಾವ ತರಕಾರಿಗೂ ಸಿಗುವುದಿಲ್ಲ. ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ಗುಡ್ಡೆ ಗುಡ್ಡೆ. ಹೇಳಿದ್ದೇ ರೇಟು, ಚೌಕಾಸಿ ಮಾಡಿದರೆ ಗುರಾಯಿಸುತ್ತಾರೆ. ಮಾರನೆಯ ದಿನ ಆಟೋ, ಲಾರಿ, ಆಫೀಸು, ಗ್ಯಾರೇಜು, ಎಲ್ಲರ ಮುಂದೆಯೂ ಕುಂಕುಮ ತುಂಬಿಸಿ ಒಡೆಯುತ್ತಾರೆ. ನಡುರಸ್ತೆಯಲ್ಲಿ ಒಡೆಯಬೇಡಿ, ಬೈಕಿನವರು ಜಾರಿ ಬೀಳುತ್ತಾರೆ ಅಂತ ಪಾಲಿಕೆಯವರು, ಪೊಲೀಸರು ಬೇಡಿಕೊಳ್ಳುತ್ತಲೇ ಇರುತ್ತಾರೆ. ಒಡೆಯುವವರು ಒಡೆಯುತ್ತಲೇ ಇರುತ್ತಾರೆ. ಹಬ್ಬ ಮುಗಿದ ಮೇಲೆ ಒಡೆಯದೆ ಉಳಿದ ಕಾಯಿಗಳಿರುತ್ತವಲ್ಲ, ಅವು ಅನಾಥ. ನಮ್ಮ ಭಾವನವರದು ಸಣ್ಣ ವರ್ಕ್‌ಶಾಪು. ಹತ್ತು ಮಿಷನ್ನಿಗೆ ಹತ್ತು ಕಾಯಿ ತಂದು, ಐದನ್ನೇ ಒಡೆದು, ಉಳಿದದ್ದನ್ನು ನೆಂಟರಿಗೆ ಹಂಚುತ್ತಾರೆ. ನಮ್ಮ ಪಾಲಿಗೆ ಬಂದದ್ದು ಆರು ಕಿಲೋಗೆ ಕಡಿಮೆ ಇರಲಿಲ್ಲ. ಒಳಗೆ ಹೊತ್ತುಕೊಂಡು ಹೋದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆ ಕಳ್ಳನ ಕಷ್ಟ ನನಗೆ ಅರ್ಥವಾಯಿತು. ನೀಲಿ ಅಂಗಿಯ ಭುಜದ ತುಂಬ ಬಿಳಿ ಬೂದಿ. ಆ ಅಂಗಿಯೂ ಒಗೆಯುವ ರಾಶಿಗೆ.

ಇಡೀ ಕಾಯಿ ಆದರೆ ಅದರ ಪಾಡಿಗೆ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಮೈಮೇಲಿನ ಆ ಬೂದಿಯೇ ಅದಕ್ಕೆ ರಕ್ಷೆ. ಹಾಗೇ ಇರಲಿ ಬಿಡು ಅಂದೆ. ಆದರೆ ಮನೆಯಲ್ಲಿ ಅಷ್ಟು ಹೊತ್ತಿಗೆ ಕಾಶಿ ಹಲ್ವದ ಮಾತು ಶುರುವಾಗಿತ್ತು. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು, ಗಂಡಸರೇ ಹೋಳು ಮಾಡಿ ಕೊಡಬೇಕು ಅಂತ ಒಂದು ಕಟ್ಟಳೆ. ವರ್ಷವಿಡೀ ಅಡುಗೆಮನೆಯಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ. ಇದೊಂದಕ್ಕೆ ನಾನಿಲ್ಲದೆ ನಡೆಯುವುದಿಲ್ಲ. ಮಚ್ಚು ತೊಳೆದು ತಂದು, ಗೋಣಿಚೀಲ ಹಾಸಿ, ಗಂಭೀರವಾಗಿ ಎರಡು ಹೋಳು ಮಾಡಿದೆ. ಮಗಳು ಫೋಟೋ ತೆಗೆದಳು. (ಇದರ ಫೋಟೋಗೆ ನನ್ನ ತಕರಾರಿಲ್ಲ, ಕುಂಬಳಕಾಯಿ ಮೆತ್ತಗಾಗುವುದಿಲ್ಲ.)

ಆಮೇಲೆ ಅಮ್ಮನಿಗೆ ಫೋನು. ಅಮ್ಮನ ಪಾಕಕ್ಕೆ ಅಳತೆ ಇಲ್ಲ. "ತಿರುಳು, ಬೀಜ ತೆಗಿ, ತುರಿ, ಹಿಂಡು, ಹಿಂಡಿದ ನೀರು ಚೆಲ್ಲಬೇಡ." ನೀರು ಏನು ಮಾಡಬೇಕು ಅಂದರೆ "ಅದರಲ್ಲೇ ಬೇಯಿಸು, ಇಲ್ಲಾ ಕುಡಿ." ಸಕ್ಕರೆ ಎಷ್ಟು ಅಂದರೆ "ನೋಡಿಕೊಂಡು." ಬೂದುಗುಂಬಳದ ನೂರು ಪಾಲಿನಲ್ಲಿ ತೊಂಬತ್ತೈದು ಪಾಲು ನೀರೇ. ಅಂದರೆ ನೀವು ತುರಿಯುತ್ತಿರುವುದು ಬಹುಪಾಲು ನೀರನ್ನು. ತುರಿಮಣೆಯ ಮುಂದೆ ಒಂದು ಗಂಟೆ ಕೂತರೆ ದೊಡ್ಡ ಪಾತ್ರೆ ತುಂಬುತ್ತದೆ, ಹಿಂಡಿದರೆ ಒಂದು ಮುಷ್ಟಿ, ಬೆಂದ ಮೇಲೆ ಅದೂ ಇಲ್ಲ. ಕಾಶಿ ಹಲ್ವ ಮದುವೆಮನೆಯ ಎಲೆಯ ತುದಿಯಲ್ಲಿ ಒಂದೇ ಚಮಚ ಬೀಳುವುದು ಯಾಕೆ ಅಂತ ಇಷ್ಟು ವರ್ಷ ಭಟ್ಟರ ಮೇಲೆ ಸಿಟ್ಟಿತ್ತು. ಆ ಸಿಟ್ಟು ಅವತ್ತು ಮಧ್ಯಾಹ್ನ ಇಳಿಯಿತು. ನೀರು ಆರುವವರೆಗೆ ಕೈಯಾಡಿಸುತ್ತಲೇ ಇರಬೇಕು, ಸಕ್ಕರೆ ಹಾಕಿದ ಮೇಲೆ ಮತ್ತೆ ನೀರಾಗುತ್ತದೆ, ಮತ್ತೆ ಕೈಯಾಡಿಸಬೇಕು. ತುಪ್ಪ ಅಂಚಿನಲ್ಲಿ ಬಿಟ್ಟುಕೊಳ್ಳುವವರೆಗೆ ಒಲೆ ಮುಂದಿನಿಂದ ಕದಲುವ ಹಾಗಿಲ್ಲ. ಕೇಸರಿ ಹಾಕಿದೆವು. ಅದಕ್ಕೆ ಬರಬೇಕಾದ ಆ ಹೋಟೆಲು ಬಣ್ಣ ಬರಲಿಲ್ಲ. ಇದು ಮುಂದೆ ಮುಖ್ಯವಾಗುತ್ತದೆ.

ಇದೆಲ್ಲ ಮುಗಿದರೂ ಕಾಯಿ ಅರ್ಧಕ್ಕಿಂತ ಜಾಸ್ತಿಯೇ ಉಳಿದಿತ್ತು. ಒಮ್ಮೆ ಕತ್ತರಿಸಿದ ಮೇಲೆ ಇಡುವ ಹಾಗಿಲ್ಲ. ಒಂದು ದೊಡ್ಡ ಹೋಳು ಹಿಡಿದುಕೊಂಡು ಮೇಲ್ಮನೆಗೆ ಹೋದೆ. ಆಂಟಿ ಬಾಗಿಲು ತೆಗೆದರು. ಅವರ ಕೈಯಲ್ಲೂ ಒಂದು ಹೋಳು. ಅವರು ಕೆಳಗೆ ನಮ್ಮ ಮನೆಗೇ ಹೊರಟಿದ್ದರು. ಇಬ್ಬರೂ ಒಂದು ಕ್ಷಣ ಸುಮ್ಮನೆ ನಿಂತೆವು. ಆಮೇಲೆ ಸಂಸ್ಕಾರವಂತರಂತೆ ಹೋಳು ಬದಲಾಯಿಸಿಕೊಂಡೆವು. ಅವರದು ನಮ್ಮದಕ್ಕಿಂತ ದೊಡ್ಡದಿತ್ತು ಅನ್ನುವುದು ಮೆಟ್ಟಿಲು ಇಳಿದ ಮೇಲೆ ಗೊತ್ತಾಯಿತು. ಎದುರುಮನೆಯವರು ಬೆಲ್ ಮಾಡಿದರೂ ಬಾಗಿಲು ತೆಗೆಯಲಿಲ್ಲ. ಅವರಿಗೂ ಒಂದು ವರ್ಕ್‌ಶಾಪಿನ ಭಾವ ಇದ್ದಾನೆ ಅಂತ ನನ್ನ ಅನುಮಾನ.

ಹಾಗಾಗಿ ಭಾನುವಾರ ಬೆಳಗ್ಗೆ ಕುಂಬಳಕಾಯಿ ದೋಸೆ, ಮಧ್ಯಾಹ್ನ ಮಜ್ಜಿಗೆಹುಳಿ, ಜೊತೆಗೆ ಸಿಪ್ಪೆಯ ಚಟ್ನಿ. ಸಂಡಿಗೆ ಹಾಕಬಹುದಿತ್ತು, ಆದರೆ ಒಣಗಿಸಲು ಬಿಸಿಲು ಬೇಕಲ್ಲ. ಬಿಸಿಲಿಗೂ ಹಿಂಗಾರಿಗೂ ನಡುವೆ ಏನಿದೆ ಅಂತ ಆಗಲೇ ಹೇಳಿದ್ದೇನೆ. ಮಜ್ಜಿಗೆಹುಳಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕುಕ್ಕರ್ ಸೀಟಿ ಹೊಡೆಯಿತು.

ಫ್ಯಾನ್ ಒರೆಸುವುದು? ಒರೆಸಿದ್ದು ಒಂದು ರೆಕ್ಕೆ. ಹಳೆಯ ದಿಂಬಿನ ಕವರು ತೊಡಿಸಿ ಎಳೆದರೆ ಧೂಳೆಲ್ಲ ಒಳಗೇ ಉಳಿಯುತ್ತದೆ ಅಂತ ಯಾರೋ ಹೇಳಿದ್ದರು. ಹೇಳಿದವರ ಮನೆಯ ಫ್ಯಾನ್ ನಾನು ನೋಡಬೇಕು. ದೀಪಾವಳಿಗೆ ಮುಂಚೆ ಅಟ್ಟ ಇಳಿಸಬೇಕು. ನೀರು ತುಂಬುವ ಹಬ್ಬಕ್ಕೆ ನಮ್ಮಲ್ಲಿ ಹಂಡೆ ಇಲ್ಲ, ಗೀಜರ್ ಇದೆ, ಆದರೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಬೇಕಾದರೆ ಮೊದಲು ಅದರ ಮೇಲಿನ ಜೇಡರಬಲೆ ತೆಗೆಯಬೇಕು. ಆಮೇಲೆ ತುಳಸಿ ಹಬ್ಬಕ್ಕೆ ನೆಲ್ಲಿಕಾಯಿ ಕೊಂಬೆ ತರಬೇಕು, ತಂದವರು ಉಪ್ಪಿನಕಾಯಿಗೆ ಇನ್ನೂ ಎರಡು ಕಿಲೋ ನೆಲ್ಲಿ ತಂದೇ ತರುತ್ತಾರೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ, ಅದರ ಹಿಂದಿನ ಶನಿವಾರ, ಭಾನುವಾರವೇ ಬುಲ್ ಟೆಂಪಲ್ ರಸ್ತೆ ಜನರಿಂದ ಗಿಜಿಗುಡುತ್ತದೆ. ಅದು ಮುಗಿಯುವಷ್ಟರಲ್ಲಿ ಅವರೆಕಾಯಿ ಬಂದಿರುತ್ತದೆ. ಹಿತಕಿದ ಬೇಳೆ ಅಂದರೆ ಏನು ಅಂತ ಗೊತ್ತಿರುವವರಿಗೆ ಒಂದು ಭಾನುವಾರ ಹೇಗೆ ಕಳೆದುಹೋಗುತ್ತದೆ ಅಂತ ವಿವರಿಸಬೇಕಾಗಿಲ್ಲ. ನನ್ನ ಸಿದ್ಧಾಂತಕ್ಕೂ ಇದಕ್ಕೂ ಸಂಬಂಧ ಇದೆ, ಆದರೆ ಅಷ್ಟರಲ್ಲಿ ಮಹಡಿಯಿಂದ "ಮಳೆ, ಮಳೆ, ಬಟ್ಟೆ" ಅಂತ ಕೂಗು. ಇಡೀ ಬೀದಿ ಮಹಡಿ ಹತ್ತಿತು. ಪರದೆಯ ಒಂದು ತುದಿ ಆಗಲೇ ಆಂಟಿಯ ಗುಲಾಬಿ ಗಿಡಕ್ಕೆ ಸಿಕ್ಕಿಕೊಂಡಿತ್ತು.

ಭಾನುವಾರ ರಾತ್ರಿ ಫ್ರಿಜ್ಜಿನಲ್ಲಿ ಮಜ್ಜಿಗೆಹುಳಿ ಇತ್ತು, ದೋಸೆ ಹಿಟ್ಟು ಇತ್ತು, ಹಲ್ವ ಇತ್ತು. ಯಾರೂ ಫ್ರಿಜ್ಜಿನ ಬಾಗಿಲು ತೆಗೆಯಲಿಲ್ಲ. "ಹೊರಗಡೆ ಹೋಗೋಣ್ವಾ?" ಅಂತ ಯಾರು ಮೊದಲು ಅಂದರೋ ಗೊತ್ತಿಲ್ಲ, ಚಪ್ಪಲಿ ಮಾತ್ರ ಎಲ್ಲರೂ ಒಟ್ಟಿಗೆ ಹಾಕಿಕೊಂಡೆವು. ಗಾಡಿ ನಿಲ್ಲಿಸಲು ಜಾಗ ಹುಡುಕಿ ಮೂರು ಅಡ್ಡರಸ್ತೆ ಸುತ್ತಿದೆವು. ಮಗಳು ಗೋಬಿ ಮಂಚೂರಿ ಹೇಳಿದಳು. ಅದು ಬಂತು. ಮಾರ್ಚ್ 2024ರಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹೇರಿದ ಮೇಲೆ, ಮಾತು ಕೇಳುವ ಹೋಟೆಲುಗಳಲ್ಲಿ ಅದು ಪೇಲವವಾಗಿ, ಜ್ವರದಿಂದ ಎದ್ದು ಬಂದವರ ಹಾಗೆ ತಟ್ಟೆಯಲ್ಲಿ ಕೂತಿರುತ್ತದೆ. ಮಗಳು ಮುಖ ಸಿಂಡರಿಸಿದಳು. ಮನೆಯ ಹಲ್ವಕ್ಕೂ ಬಣ್ಣ ಇಲ್ಲ, ಇದಕ್ಕೂ ಇಲ್ಲ ಅಂದಳು. ಬಣ್ಣ ಮೈಗೆ ಒಳ್ಳೆಯದಲ್ಲ, ಬಣ್ಣದಿಂದ ರುಚಿ ಬರುವುದಿಲ್ಲ, ಹೂಕೋಸಿನ ನಿಜವಾದ ಬಣ್ಣ ಇದೇ ಅಲ್ವಾ ಅಂತ ನಾನು ವಿವರವಾಗಿ ಹೇಳಿದೆ.

"ಅಪ್ಪ, ಹೂಕೋಸು ತಿನ್ನೋಕೆ ಯಾರಾದ್ರೂ ಇಲ್ಲಿಗೆ ಬರ್ತಾರಾ?" ಅಂದಳು.