ಪಿಜಿ ಬಾಡಿಗೆ ಕಾಫಿ ಕೊಯ್ಲಿಗೆ ಕಾಯಲ್ಲ

"ತಿಂಗಳಿಗೆ 5 ಸಾವಿರ ಕಳಿಸಿ, ಉಳಿದದ್ದನ್ನು ಮಕ್ಕಳೇ ದುಡಿದುಕೊಳ್ಳಲಿ" ಅಂತ, ಹೊರಗೂರಲ್ಲಿ ಓದುವ ಮಕ್ಕಳ ಖರ್ಚಿನ ಬಗ್ಗೆ ನಿಮ್ಮ ಲೇಖನದಲ್ಲಿ ಅಪ್ಪ-ಅಮ್ಮಂದಿರಿಗೆ ಬರೆದಿದ್ದೀರಿ. ಬೆಂಗಳೂರಲ್ಲಿ ಆಗಬಹುದೇನೋ. ನನ್ನ ಮಗಳು ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಲ್ಯಾಬ್ ಮುಗಿಯುವುದು ಸಂಜೆ ನಾಲ್ಕೂವರೆಗೆ, ಪಿಜಿ ಗೇಟ್ ಹಾಕುವುದು ಎಂಟಕ್ಕೆ. ಅಷ್ಟರೊಳಗೆ ಯಾರು ಕೆಲಸ ಕೊಡುತ್ತಾರೆ ಹೇಳಿ? ಒಂದು ಬಟ್ಟೆ ಅಂಗಡಿಯಲ್ಲಿ ಕೇಳಿದ್ದಳು. "ರಾತ್ರಿ ಒಂಬತ್ತೂವರೆವರೆಗೂ ಇರೋದಾದ್ರೆ ಬಾಮ್ಮ" ಅಂದರಂತೆ.

ಇನ್ನು ತಿಂಗಳು ತಿಂಗಳು ಕಳಿಸಿ ಅನ್ನುವುದು ಸಂಬಳದವರ ಮಾತು. ನಾವು ಮೂಡಿಗೆರೆ ಕಡೆಯವರು, ಇರೋದು ಎರಡೂವರೆ ಎಕರೆ ರೊಬಸ್ಟಾ ಕಾಫಿ ತೋಟ. ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮಾರಿ ದುಡ್ಡು ಕೈಗೆ ಬರುವಷ್ಟರಲ್ಲಿ ಮಾರ್ಚ್. ಪಿಜಿಯವರಿಗೆ ಮಾತ್ರ ಪ್ರತಿ 5ನೇ ತಾರೀಕು 5,500 ಆಗಲೇಬೇಕು. ಆಗಸ್ಟ್ ಮಳೆಯಲ್ಲಿ ಅದನ್ನು ಎಲ್ಲಿಂದ ತರೋಣ? ಹೋದ ವರ್ಷ ನನ್ನ ಎರಡು ಬಳೆ ಬ್ಯಾಂಕಿಗೆ ಹೋಗಿದ್ದವು, ಏಪ್ರಿಲ್‌ನಲ್ಲಿ ಬಿಡಿಸಿಕೊಂಡೆ.

ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ-ವಸತಿಗೆ ಅಂತ ಸರ್ಕಾರ ಕೊಡುವ ವಿದ್ಯಾಸಿರಿ ಇದೆಯಲ್ಲ ಅಂತೀರಿ. ತಿಂಗಳಿಗೆ 1,500, ಅದೂ 10 ತಿಂಗಳಿಗೆ. ಒಟ್ಟು 15,000. ನಮ್ಮ ಲೆಕ್ಕದಲ್ಲಿ ಮೂರು ತಿಂಗಳ ಪಿಜಿಗೂ ಸಾಲದು. ನಿಜವಾಗಿ ಉಪಕಾರ ಆಗಿದ್ದು ಶಕ್ತಿ ಯೋಜನೆಯಿಂದ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಅದಕ್ಕೇ ಶನಿವಾರ ಶನಿವಾರ ಊರಿಗೆ ಬರುತ್ತಾಳೆ. ಸೋಮವಾರ ಬೆಳಿಗ್ಗೆ ಚೀಲದಲ್ಲಿ ಅಕ್ಕಿರೊಟ್ಟಿ, ಚಟ್ನಿಪುಡಿ, ಒಂದು ಡಬ್ಬಿ ಕಾಫಿಪುಡಿ. ಪಿಜಿ ಚಿತ್ರಾನ್ನಕ್ಕಿಂತ ತಣ್ಣಗಿನ ರೊಟ್ಟಿಯೇ ವಾಸಿಯಂತೆ! ಮಗನಾಗಿದ್ದರೆ ಆ ಬಸ್ ಚಾರ್ಜೂ ಲೆಕ್ಕಕ್ಕೆ ಸೇರುತ್ತಿತ್ತು, ಅಲ್ವಾ?