ಗೋವಿನಜೋಳದ ಹಗೇವು

ಮೊನ್ನೆ ಮುಧೋಳದ ಕಡೆ ಕಾಕಾನ ಹೊಲಕ್ಕೆ ಹೋಗಿದ್ದೆ. ಗೋವಿನಜೋಳಕ್ಕೆ ಅಟ್ರಾಜಿನ್ ಅನ್ನೋ ಕಸ ಸಾಯಿಸುವ ಎಣ್ಣೆ ಹೊಡೆಸಿದ್ದರು. ಕಸ ಸುಟ್ಟು ಬಿದ್ದಿತ್ತು. ಬೆಳೆ ಮಾತ್ರ ಹಸಿರಾಗಿ ನಿಂತಿತ್ತು.

"ಬೆಳಿ ಆ ಎಣ್ಣಿ ಅರಗಿಸ್ಕೋತೈತಂತ. ದನಕ್ಕ ನಾಳೇನ ಕೊಯ್ದ ಹಾಕಿದ್ರೂ ನಡೀತೈತಿ ಅಂದಾನ ಅಂಗಡಿಯವ" ಅಂದರು ಕಾಕಾ.

ನನ್ನ ತಕರಾರು ಈ "ಅರಗಿಸ್ಕೋತೈತಿ" ಅನ್ನೋ ಮಾತಿನ ಮೇಲೆ. ನಮ್ಮ ಲಿವರ್ ವಿಷವನ್ನು ಪಳಗಿಸುತ್ತದೆ, ಮೂತ್ರದಲ್ಲೋ ಪಿತ್ತದಲ್ಲೋ ಅದು ಹೊರಗೆ ಹೋಗುತ್ತದೆ. ಗಿಡಕ್ಕೆ ಬಚ್ಚಲೇ ಇಲ್ಲ, ಅಲ್ವಾ? ಹಾಗಾಗಿ ಅದು ಮನೆಯೊಳಗೇ ಹೂತಿಡುತ್ತದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಇಟ್ಟ ಹಾಗೆ. ಬಲಿತ ಜೀವಕೋಶದ ಬಹುಪಾಲು ಜಾಗ ಒಂದೇ ಚೀಲದ್ದು. ಅದೇ ರಸದಾನಿ, ವ್ಯಾಕ್ಯುವೋಲ್. ಹಗೇವು ಅದೇ.

ಸುಮ್ನೆ ತುಂಬೋದಲ್ಲ. ಗ್ಲುಟಾಥಯೋನ್ ಅಂತ ಮೂರು ಅಮೈನೋ ಆಮ್ಲಗಳ ತುಣುಕೊಂದಿದೆ. ಗೋವಿನಜೋಳದ ಎಲೆಯಲ್ಲಿ ಒಂದು ಕಿಣ್ವ ಅಟ್ರಾಜಿನ್‌ನ ಕ್ಲೋರಿನ್ ಕಿತ್ತು, ಆ ಜಾಗಕ್ಕೆ ಈ ತುಣುಕನ್ನು ಗಂಟು ಹಾಕುತ್ತದೆ. ಅಲ್ಲಿಗೆ ಅದು ಹಲ್ಲು ಕಿತ್ತ ಹಾವು. ಗಂಟು ಕಂಡ ಕೂಡಲೇ ರಸದಾನಿಯ ಪೊರೆಯಲ್ಲಿರುವ ಎಬಿಸಿ ಅನ್ನೋ ಪಂಪ್ ಪ್ರೋಟೀನ್‌ಗಳು ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಅದನ್ನು ಒಳಗೆ ನೂಕುತ್ತವೆ. 1993ರಲ್ಲಿ ಬಾರ್ಲಿ ಎಲೆಯ ರಸದಾನಿಗಳನ್ನು ಬೇರೆ ಮಾಡಿ ಇಂಥ ಪಂಪ್ ಇರುವುದನ್ನು ತೋರಿಸಿದ್ದಾರೆ. ಕಸದ ಗಿಡಗಳಿಗೆ ಈ ಗಂಟು ಹಾಕುವ ಕೆಲಸ ಇಷ್ಟು ಬೇಗ ಬರುವುದಿಲ್ಲ, ಅದಕ್ಕೇ ಸಾಯುತ್ತವೆ. ಕೆಲವು ಕಲಿತೂ ಬಿಟ್ಟಿವೆ. ಬೇರೆ ದಾರಿಯೂ ಇದೆ: ಅಮೆರಿಕದ ಒಂದು ಕಳೆ ಗ್ಲೈಫೋಸೇಟ್ ಅನ್ನೋ ಇನ್ನೊಂದು ಕಸದೆಣ್ಣೆಗೆ ಯಾವ ಗಂಟೂ ಹಾಕದೆ, ಇದ್ದ ಹಾಗೇ ರಸದಾನಿಗೆ ತುಂಬಿ ಬದುಕುತ್ತದೆ. ಜಾಣ ಕಸ!

ಎಲ್ಲ ಎಣ್ಣೆಗೂ ಗ್ಲುಟಾಥಯೋನ್ ಅಲ್ಲ. ಕೆಲವಕ್ಕೆ ಗಿಡ ಸಕ್ಕರೆ ಅಂಟಿಸಿ ಒಳಗಿಡುತ್ತದೆ. ನನಗೆ ಜಾಸ್ತಿ ಚಿಂತೆ ಅದರದ್ದೇ. ಸಕ್ಕರೆಯ ಕೊಂಡಿ ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಬಿಚ್ಚಲು ಬರುತ್ತದೆ, ಬಿಚ್ಚಿದರೆ ಹೂತಿಟ್ಟದ್ದು ಮತ್ತೆ ಹೊರಗೆ ಬರಬಹುದು. ಹಗೇವು ತೆಗೆದ ಕೂಡಲೇ ಒಳಗೆ ಯಾರೂ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಅಂತ ಕಾಯುತ್ತಿದ್ದರು. ಮೇವಿಗೆ ಮಾತ್ರ ಯಾಕೆ ಈ ಅವಸರ? ಮಾರುವವರು "ಬೆಳೆಗೆ ಏನೂ ಆಗಲ್ಲ" ಅನ್ನೋದನ್ನೇ "ದನಕ್ಕೂ ಏನೂ ಆಗಲ್ಲ" ಅಂತ ದಾಟಿಸಿಬಿಡುತ್ತಾರೆ. ಎರಡೂ ಬೇರೆ ಮಾತು.

"ಹಂಗಾದ್ರ ಯಾವಾಗ ಕೊಯ್ಲಿ?" ಅಂದರು ಕಾಕಾ. ಡಬ್ಬಿ ಮೇಲೆ ಎಷ್ಟು ದಿನ ಕಾಯಬೇಕು ಅಂತ ಇರುತ್ತದೆ, ನೋಡ್ರಿ ಅಂದೆ. ಅಕ್ಷರ ಎಳ್ಳಿಗಿಂತ ಸಣ್ಣದು. ಕೊನೆಗೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆವು. ಆ ದಿನಗಳು ಮುಗಿಯುವವರೆಗೆ ಎಮ್ಮೆಗೆ ಒಣ ಕಣಿಕೆಯೇ.