720720: ಅಂಕಿ ಕೂಡುವ ಮೊದಲು ಒಡೆದು ನೋಡಿ

ದೊಡ್ಡ ಸಂಖ್ಯೆಯೊಂದನ್ನು ಕೊಟ್ಟು ಇದರ ಗುಣ ಹೇಳಿ ಎಂದರೆ ಹೆಚ್ಚಿನವರು ಮೊದಲು ಅಂಕಿ ಕೂಡಲು ಹೊರಡುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗಾದ ಕ್ರಮ. ಮೊದಲು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬೇಕು.

720720 ನೋಡಿ. 720 ಎರಡು ಸಲ ಬಂದಿದೆ, ಅಂದರೆ 720 × 1001. 1001 ಎಂದರೆ 7 × 11 × 13. 720 ಎಂದರೆ 2⁴ × 3² × 5. ಒಡೆಯುವ ಕೆಲಸ ಮುಗಿಯಿತು.

ಭಾಜಕಗಳೆಷ್ಟು? ಪ್ರತಿ ಘಾತಕ್ಕೂ 1 ಸೇರಿಸಿ ಗುಣಿಸಿ: 5 × 3 × 2 × 2 × 2 × 2 = 240. ಆ 1 ಯಾಕೆ ಬೇಕೆಂದರೆ, ಭಾಜಕವೊಂದರಲ್ಲಿ 2 ನಾಲ್ಕು ಸಲದವರೆಗೆ ಬರಬಹುದು, ಒಮ್ಮೆಯೂ ಬರದೆಯೂ ಇರಬಹುದು; ಒಟ್ಟು ಐದು ದಾರಿ. ಬರದಿರುವ ದಾರಿಯನ್ನು ಮರೆತು ಘಾತಗಳನ್ನಷ್ಟೇ ಗುಣಿಸಿದರೆ 8 ಎಂಬ ತಪ್ಪು ಉತ್ತರ ಸಿಗುತ್ತದೆ.

ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ 240 ಭಾಜಕಗಳಿಲ್ಲ. ಹಿಂದಿನ ದಾಖಲೆ 665280ರದ್ದು, 224. ಹೀಗೆ ದಾಖಲೆ ಮುರಿಯುತ್ತ ಹೋಗುವ ಸಂಖ್ಯೆಗಳ ಮೇಲೆ ರಾಮಾನುಜನ್ 1915ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. ಇವುಗಳ ಘಾತಗಳು 2ರಿಂದ ಮುಂದಕ್ಕೆ ಹೋದಂತೆ ಎಲ್ಲೂ ಏರುವುದಿಲ್ಲ. ಇಲ್ಲಿ 4, 2, 1, 1, 1, 1. ಎಲ್ಲಾದರೂ ಏರಿದ್ದರೆ ಆ ಎರಡು ಘಾತಗಳನ್ನು ಅದಲುಬದಲು ಮಾಡಿದರೆ ಸಾಕು, ಅಷ್ಟೇ ಭಾಜಕಗಳಿರುವ ಇನ್ನೂ ಚಿಕ್ಕ ಸಂಖ್ಯೆ ಸಿಕ್ಕಿಬಿಡುತ್ತದೆ. ಎಷ್ಟು ಚಂದದ ವಾದ!

ಭಾಜಕಗಳ ಮೊತ್ತ 31 × 13 × 6 × 8 × 12 × 14 = 3249792. ಅದರಿಂದ 720720ನ್ನೇ ಕಳೆದರೂ 2529072 ಉಳಿಯುತ್ತದೆ, ಅಂದರೆ ಮೂರೂವರೆ ಪಟ್ಟು. ಪರಿಪೂರ್ಣ ಸಂಖ್ಯೆಯಾಗಿದ್ದರೆ ಸರಿಯಾಗಿ ಒಂದು ಪಟ್ಟು ಉಳಿಯಬೇಕಿತ್ತು. ಎರಡು ವರ್ಗಗಳ ಮೊತ್ತವಾಗಿಯೂ ಇದನ್ನು ಬರೆಯಲಾಗದು: 4ರಿಂದ ಭಾಗಿಸಿದಾಗ 3 ಶೇಷ ಬರುವ 7 ಮತ್ತು 11 ಇಲ್ಲಿ ಒಂದೊಂದೇ ಸಲ ಇವೆ, ಸಮಸಂಖ್ಯೆಯ ಘಾತ ಬೇಕಿತ್ತು.

ಭಾಗಾಕಾರದಲ್ಲಿ ಎಡವುವ ಜಾಗ ಎರಡು. 6ರಿಂದಲೂ 9ರಿಂದಲೂ ಭಾಗವಾಗುತ್ತದೆ, ಹಾಗಾಗಿ 54ರಿಂದಲೂ ಆಗುತ್ತದೆ ಎನ್ನುವುದು ಒಂದು. 54ಕ್ಕೆ 3³ ಬೇಕು, ಇಲ್ಲಿರುವುದು 3². ಇನ್ನೊಂದು 720721. 2ರಿಂದ 16ರವರೆಗೆ ಯಾವುದರಿಂದ ಭಾಗಿಸಿದರೂ 1 ಶೇಷ ಬರುತ್ತದೆಂದು ಅದನ್ನು ಅವಿಭಾಜ್ಯ ಎಂದುಬಿಡುತ್ತಾರೆ. ವರ್ಗಮೂಲ 849ಕ್ಕೆ ತುಸು ಕಡಿಮೆ. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. 71ಕ್ಕೆ ಬಂದಾಗ ಒಡೆಯುತ್ತದೆ: 71 × 10151.

ಇನ್ನು ಅಂಕಿಗಳ ಮೊತ್ತ. 18, 720720 ಅದರಿಂದ ಭಾಗವಾಗುತ್ತದೆ, ಆದ್ದರಿಂದ ಗಣಿತಜ್ಞ ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆ. ಆದರೆ ಈ ಗುಣ ಬರೆಯುವ ಪದ್ಧತಿಗೆ ಅಂಟಿಕೊಂಡದ್ದು. 12 ಹತ್ತರ ಆಧಾರದಲ್ಲಿ ಹರ್ಷದ. ಎಂಟರ ಆಧಾರದಲ್ಲಿ, ಅಂದರೆ ಹತ್ತರ ಬದಲು ಎಂಟರ ಗುಂಪುಗಳಲ್ಲಿ ಎಣಿಸಿದರೆ, ಅದು 14 (ಒಂದು ಎಂಟು, ಮೇಲೆ ನಾಲ್ಕು), ಮೊತ್ತ 5, ಭಾಗವಾಗದು. 720720 ಮಾತ್ರ ಎಂಟರ ಆಧಾರದಲ್ಲಿ 2577520 ಆದಾಗಲೂ ಮೊತ್ತ 28, ಭಾಗವಾಗುತ್ತದೆ. ಎರಡರ ಆಧಾರದಲ್ಲಿ ಮೊತ್ತ 12, ಆಗಲೂ ಭಾಗವಾಗುತ್ತದೆ. ಅಂಕಿ ಬದಲಾದರೂ ಅದನ್ನು ಕಾಯುತ್ತಿರುವುದು ಆ 240 ಭಾಜಕಗಳೇ.